ನಿಧಿಗೆ ಜ್ವರ ಬಂದ ಬೇಸಿಗೆ

ಹೋದ ತಿಂಗಳು ಸಾಗರಕ್ಕೆ ಹೊರಟಿದ್ದ ನಮ್ಮ ಬಸ್ಸು ಹೊಸ ಸೇತುವೆಯ ನಡುವೆ ಒಂದು ಗಳಿಗೆ ನಿಂತಿತು. ಮುಂದಿನ ಕಾರಿನವರು ಫೋಟೋ ತೆಗೆಯಲು ಇಳಿದಿದ್ದರು. ಕಿಟಕಿಯ ಪಕ್ಕ ಮಗಳು ನಿಧಿ ಕೂತಿದ್ದಳು. ಅವಳಾಚೆಗೆ ಶರಾವತಿಯ ಹಿನ್ನೀರು. ಬೇಸಿಗೆಗೆ ನೀರು ಇಳಿದು ದಡ ಕೆಂಪಗೆ ಬಿರಿದಿತ್ತು. ಎಂದೋ ಮುಳುಗಿದ ಕಾಡಿನ ಬೊಡ್ಡೆಗಳು ಒಂದೊಂದೇ ತಲೆಯೆತ್ತಿ ಬಿಸಿಲು ಕಾಯಿಸುತ್ತಿದ್ದವು. ಅಷ್ಟು ವರ್ಷ ಆ ನೀರನ್ನು ನಾನು ಲಾಂಚಿನ ಮೇಲೆ ನಿಂತು, ಕೈಚಾಚಿದರೆ ಸಿಗುವಷ್ಟು ಹತ್ತಿರದಿಂದ ನೋಡಿದವಳು. ಮೇಲಿನಿಂದ ನೋಡಿದಾಗ ಅದು ಬೇರೆ ಯಾರದೋ ಊರಿನ ನೀರಿನ ಹಾಗೆ ಕಂಡಿತು. ಆದರೆ ಗಾಳಿ ತಿರುಗಿ ಕೆಸರು ಒಣಗುವ ವಾಸನೆ ಕಿಟಕಿಯೊಳಗೆ ಬಂತಲ್ಲ, ಅದು ನಮ್ಮದೇ ವಾಸನೆ. ಅದು ಬಂದರೆ ನನಗೆ ಯಾವಾಗಲೂ ಒಂದೇ ಬೇಸಿಗೆ ನೆನಪಾಗುವುದು. ನಿಧಿಗೆ ಆಗ ಎಂಟು ವರ್ಷ.

ನಮ್ಮ ಊರು ಹಿನ್ನೀರಿನ ಆಚೆ ದಡದಲ್ಲಿದೆ. ಆಗ ಸೇತುವೆ ಇರಲಿಲ್ಲ, ನೀರಿನ ಮಧ್ಯೆ ಕಂಬಗಳು ಏಳುತ್ತಿದ್ದವು ಅಷ್ಟೆ. ಸಾಗರದ ಪೇಟೆಗೆ, ಆಸ್ಪತ್ರೆಗೆ, ತಾಳಗುಪ್ಪದ ರೈಲಿಗೆ, ಎಲ್ಲಿಗೆ ಹೋಗುವುದಿದ್ದರೂ ಜನರನ್ನೂ ವಾಹನಗಳನ್ನೂ ದಾಟಿಸುವ ಲಾಂಚ್ ಹತ್ತಲೇಬೇಕು. ನನ್ನ ಗಂಡ ಗಣಪತಿ ಆ ಲಾಂಚಿನ ಡ್ರೈವರ್. ಅವರ ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಆ ನೀರಿನ ತಳದಲ್ಲೇ ಎಲ್ಲೋ ಇದೆ. ಹೊಸಬರು ಹತ್ತಿದರೆ ಇವರು ಸ್ಟೇರಿಂಗ್ ಹಿಡಿದುಕೊಂಡೇ ನೀರಿನ ಕಡೆ ಗದ್ದ ಎತ್ತಿ ತೋರಿಸಿ, "ಕೆಳಗೆ ನಮ್ಮಜ್ಜನ ಗದ್ದೆ ಇದೆ ನೋಡಿ" ಎನ್ನುತ್ತಿದ್ದರು. ಪ್ರವಾಸಿಗಳು ಬಗ್ಗಿ ನೋಡುತ್ತಿದ್ದರು. ನೀರಲ್ಲದೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

ನಾನು ಆಶಾ ಕಾರ್ಯಕರ್ತೆ. ನಮ್ಮ ಕಡೆ ಬೇಸಿಗೆ ಎಂದರೆ ಮಂಗನ ಕಾಯಿಲೆಯ ಕಾಲ. ಕಾಡಿನ ಉಣುಗು ಎಂಬ ರಕ್ತ ಹೀರುವ ಹುಳ ಕಚ್ಚಿದರೆ ಬರುವ ಆ ಜ್ವರಕ್ಕೆ ಹೆದರದ ಮನೆಯಿಲ್ಲ. ಗುಲಾಬಿ ಸೀರೆ ಉಟ್ಟು, ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು, ಮನೆಯಿಂದ ಮನೆಗೆ ಗುಡ್ಡ ಹತ್ತಿ ಇಳಿಯುತ್ತಿದ್ದೆ. ಎಲ್ಲ ಮನೆಯ ಜಗಲಿಯಲ್ಲೂ ಒಂದೇ ಪ್ರಶ್ನೆ: "ಯಾರಿಗಾದ್ರೂ ಜ್ವರ ಇದ್ಯಾ?" ಇಲ್ಲ ಎಂದರೆ ಎದೆ ಹಗುರ. ಗೇರುಹಣ್ಣಿನ ಹುಳಿ ವಾಸನೆ, ತರಗೆಲೆ ತುಳಿಯುವ ಸದ್ದು, ದೂರದಲ್ಲಿ ಲಾಂಚಿನ ಹಾರನ್. ಆ ಮಧ್ಯಾಹ್ನಗಳಲ್ಲಿ ನಡೆಯುತ್ತಿದ್ದರೆ ನಿದ್ದೆಯಲ್ಲೇ ನಡೆದ ಹಾಗಾಗುತ್ತಿತ್ತು.

ನಿಧಿಗೆ ಆಟಿಸಂ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ್ದು ಅವಳಿಗೆ ಮೂರು ತುಂಬಿದ ಮೇಲೆ. ಮಾತು ಅವಳಿಗೆ ಇರಲೇ ಇಲ್ಲ ಎಂದಲ್ಲ. ಕೇಳಿದ ಮಾತನ್ನು ಹಾಗೆಯೇ, ಹೇಳಿದವರ ದನಿಯಲ್ಲೇ ತಿರುಗಿ ಹೇಳುತ್ತಿದ್ದಳು. "ಮುಂದೆ ಹೋಗಿ, ಮುಂದೆ ಹೋಗಿ, ಬೈಕ್ ಸೈಡಿಗೆ ಹಾಕಿ" ಎಂದು ಊಟದ ತಟ್ಟೆಯ ಮುಂದೆ ಕೂತು ಲಾಂಚಿನವರ ಹಾಗೆ ಕೂಗುತ್ತಿದ್ದಳು. ಆದರೆ ಹಸಿವು, ಬೇಕು, ಬೇಡ, ಅಪ್ಪ, ಅಮ್ಮ, ಇವು ಅವಳ ಬಾಯಿಂದ ಬರುತ್ತಿರಲಿಲ್ಲ. ನನ್ನ ಮುಖ ನೋಡಿದರೂ ಕಿಟಕಿಯಿಂದಾಚೆ ನೋಡಿದ ಹಾಗೆ ನೋಡುತ್ತಿದ್ದಳು. ಶಾಲೆಗೆ ರಜೆ ಬಂದರೆ ದಿನವಿಡೀ ಅಪ್ಪನ ಜೊತೆ ಲಾಂಚಿನಲ್ಲಿ. ಎಂಜಿನ್ನಿನ ಬಿಸಿ ತಗಡಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತರೆ ದಡ ಮುಟ್ಟುವವರೆಗೆ ಅಲುಗುತ್ತಿರಲಿಲ್ಲ. ಹತ್ತಿದವರು ಕೇಳುತ್ತಿದ್ದರು, "ಎಂತ ಮಗಾ, ಹೆಸ್ರೇನು ನಿಂದು?" ಇವರು ದೂರದಿಂದಲೇ ಉತ್ತರ ಕೊಡುತ್ತಿದ್ದರು, "ಪಾಪ, ಅದಕ್ಕೆ ಎಂತದೂ ಗೊತ್ತಾಗಲ್ಲ." ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಕೇಳಿದವರು ಮತ್ತೆ ಮತ್ತೆ ಕೇಳಿ ಮಗುವಿಗೆ ಕಿರಿಕಿರಿ ಮಾಡದಿರಲಿ ಎಂದೇ ಹೇಳುತ್ತಿದ್ದರು.

ನಮ್ಮ ಮನೆಯಲ್ಲಿ ಮಾತ್ರ ಗೊತ್ತಿದ್ದ ಒಂದು ಸಂಗತಿಯಿತ್ತು. ಜ್ವರ ಬಂದರೆ ನಿಧಿ ಬೇರೆ ಥರ ಇರುತ್ತಿದ್ದಳು. ನಾಲ್ಕು ವರ್ಷದವಳಿದ್ದಾಗ ಜೋರು ಜ್ವರ ಬಂದು ನನ್ನ ತೊಡೆಯ ಮೇಲೆ ಮಲಗಿದ್ದವಳು, ಕಣ್ಣು ಬಿಟ್ಟು, ನನ್ನನ್ನೇ ನೋಡಿ, "ಅಮ್ಮ" ಎಂದಿದ್ದಳು. ಅದೇ ಮೊದಲು. ಜ್ವರ ಇಳಿಯಿತು, ಆ ಮಾತೂ ಹೋಯಿತು. ಇನ್ನೊಂದು ಸಲ ಜ್ವರದಲ್ಲಿ ನನ್ನ ಕೊರಳಿಗೆ ಕೈ ಹಾಕಿ ಅಪ್ಪಿಕೊಂಡಿದ್ದಳು. ಬೇರೆ ದಿನಗಳಲ್ಲಿ ಮುಟ್ಟಿದರೆ ಮೈ ಸೆಟೆಸುವ ಹುಡುಗಿ. ಎರಡು ಸಲವೂ ಇವರು ಮನೆಯಲ್ಲಿರಲಿಲ್ಲ. ಸಂಜೆ ಬಂದು ಕೇಳಿದರು, ಬಾಗಿಲಲ್ಲೇ ನಿಂತು ಎಷ್ಟೋ ಹೊತ್ತು ಅವಳನ್ನು ನೋಡಿದರು. ಹೊರಗೆ ಯಾರಿಗೂ ನಾವು ಹೇಳಲಿಲ್ಲ. ಹೇಳಿದರೆ ಹುಚ್ಚರು ಅನ್ನುತ್ತಾರೇನೋ ಎಂದು.

ಆ ವರ್ಷ ಹೋಳಿಯ ಹೊತ್ತಿಗೆ ಸಾಗರದಲ್ಲಿ ಆಟಿಸಂ ಇರುವ ಮಕ್ಕಳ ರಕ್ತ ತೆಗೆದುಕೊಳ್ಳಲು ಬೆಂಗಳೂರಿನಿಂದ ಒಂದು ತಂಡ ಬರುತ್ತದೆ ಎಂದು ನಮ್ಮ ಆಸ್ಪತ್ರೆಯ ಡಾಕ್ಟರು ಹೇಳಿದರು. ಔಷಧಿಗಲ್ಲ, ಸಂಶೋಧನೆಗೆ. ಇಷ್ಟವಿದ್ದರೆ ಹೋಗಿ ಎಂದರು. ಹೋದೆವು. ಒಂದು ಸಭಾಭವನದ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದ ಆ ತಂಡದ ಹುಡುಗಿಯೊಬ್ಬರು ಎದ್ದು ಬಂದು, ನಮ್ಮನ್ನಲ್ಲ, ಮೊದಲು ನಿಧಿಯನ್ನೇ ಮಾತಾಡಿಸಿದರು. "ನಾನು ರಚನಾ. ತೀರ್ಥಹಳ್ಳಿ ಹತ್ರ ಮೇಗರವಳ್ಳಿಯವ್ಳು. ನಿನ್ನ ಹತ್ರ ಒಂಚೂರು ರಕ್ತ ಕೇಳಾಕೆ ಬಂದಿದೀನಿ." ನಿಧಿ ಫ್ಯಾನು ನೋಡುತ್ತಿದ್ದಳು. ರಚನಾ ಮೇಡಂ ಅವಳ ಉತ್ತರಕ್ಕೆ ಕಾದು, ಆಮೇಲೆ ನಮ್ಮ ಕಡೆ ತಿರುಗಿದರು.

ಎಂತಕ್ಕೆ ರಕ್ತ ಎಂದು ಇವರು ಕೇಳಿದರು. ಮೇಡಂ ಗೋಡೆಯ ಮೇಲಿದ್ದ ಕರೆಂಟಿನ ಬೋರ್ಡ್ ತೋರಿಸಿದರು.

"ಅಲ್ಲಿ ಸ್ವಿಚ್ಚು ಎಷ್ಟಿದೆ ಅನ್ನೋದು ಒಂದು ಲೆಕ್ಕ. ಈಗ ಯಾವ ಲೈಟು ಉರೀತಿದೆ, ಎಷ್ಟು ಜೋರಾಗಿ ಉರೀತಿದೆ ಅನ್ನೋದು ಇನ್ನೊಂದು. ಜೀನ್ ಅಂದ್ರೆ ಸ್ವಿಚ್ಚು ಅಂದ್ಕಳಿ. ಹುಟ್ಟಿದಾಗ ಇದ್ದ ಹಂಗೇ ಇರ್ತವೆ. ನಾವು ನೋಡಾದು ಉರಿಯೋ ಲೈಟನ್ನ. ಮೈಗೆ ರೋಗ ಬಂದ್ರೆ ಹೋರಾಡಾಕೆ ಅಂತಾನೇ ಕೆಲವು ಜೀನ್ ಇದಾವೆ. ಆರಾಮಿದ್ದಾಗ ಅವು ಸಣ್ಣಕೆ ಉರೀತಿರ್ಬೇಕು. ಆಟಿಸಂ ಇರೋ ಕೆಲವರಲ್ಲಿ ಯಾವ ರೋಗ ಇಲ್ದಿದ್ರೂ ಅವು ಜೋರಾಗಿ ಉರೀತಿರ್ತವೆ."

"ಅದಕ್ಕೇ ಹಿಂಗಾಗಿದ್ದಾ ಇದಕ್ಕೆ?"

"ಗೊತ್ತಿಲ್ಲ. ಎಲ್ಲರಲ್ಲೂ ಹಂಗಿರಲ್ಲ. ಇದ್ದೋರಲ್ಲೂ ಅದ್ರಿಂದ ಇದು ಬಂತಾ, ಇದ್ರ ಜೊತೆಗೆ ಅದು ಬಂತಾ, ಹೇಳಾಕಾಗಲ್ಲ. ಅದನ್ನೇ ಹುಡುಕ್ತಿರಾದು. ನಿಮ್ಮಿಬ್ಬರದ್ದೂ ರಕ್ತ ಬೇಕು, ಪಕ್ಕದಲ್ಲಿ ಇಟ್ಟು ನೋಡಾಕೆ. ಒಂದು ಮಾತು ಮೊದ್ಲೇ ಹೇಳ್ತೀನಿ. ನಿಧಿದು ಹಿಂಗೆ ಬಂದಿದೆ, ಇಂಥ ಔಷಧಿ ಕೊಡಿ ಅಂತ ನಾನು ನಿಮಗೆ ಯಾವತ್ತೂ ಫೋನ್ ಮಾಡಲ್ಲ. ಅಷ್ಟು ದೂರ ನಾವು ಇನ್ನೂ ಹೋಗಿಲ್ಲ."

ಅವರು ಹೀಗೆ ಬಿಚ್ಚಿ ಹೇಳಿದ್ದಕ್ಕೇ ನನಗೆ ಧೈರ್ಯ ಬಂತು. ಐದು ವರ್ಷ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದ ಮಾತನ್ನು ಕೇಳಿದೆ. "ಮೇಡಂ, ಇವಳು ಹೊಟ್ಟೇಲಿದ್ದಾಗ ನಂಗೆ ಜೋರು ಜ್ವರ ಬಂದಿತ್ತು. ಎಲ್ಲೋ ಓದಿದ್ದೆ, ಬಸುರೀಲಿ ಜ್ವರ ಬಂದ್ರೆ ಹಿಂಗಾಗ್ತದೆ ಅಂತ. ನನ್ನಿಂದನಾ?"

ಅವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು. "ಜ್ವರ ಬಂದ ಎಷ್ಟೋ ಅಮ್ಮಂದಿರ ಮಕ್ಕಳಿಗೆ ಆಟಿಸಂ ಇಲ್ಲ. ಒಂದು ದಿನಾನೂ ಜ್ವರ ಬರದೇ ಇದ್ದೋರ ಮಕ್ಕಳಿಗೆ ಇದೆ. ನಿಮಗೆ ಜ್ವರ ಬಂದಿತ್ತು, ನೀವು ಮಲಗಿದ್ರಿ, ಎದ್ರಿ. ಅಷ್ಟೇ ಅಕ್ಕ. ನಿಮ್ಮಿಂದ ಅಂತ ಹೇಳೋ ಹಕ್ಕು ಯಾರಿಗೂ ಇಲ್ಲ." ಇವರು ನನ್ನನ್ನೇ ನೋಡುತ್ತಿದ್ದರು. ಇಂಥದೊಂದನ್ನು ನಾನು ಒಳಗೆ ಹೊತ್ತುಕೊಂಡಿದ್ದೇನೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಜ್ವರದ ಮಾತು ಬಂದಿತ್ತಲ್ಲ, ಹಾಗಾಗಿ ಆ ಇನ್ನೊಂದು ಸಂಗತಿಯೂ ಬಾಯಿಗೆ ಬಂತು. ಜ್ವರದಲ್ಲಿ ನಿಧಿ "ಅಮ್ಮ" ಎಂದದ್ದು, ಅಪ್ಪಿಕೊಂಡದ್ದು. ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ನೀವೊಬ್ರೇ ಅಲ್ಲ, ಬೇರೆ ತಾಯಂದ್ರೂ ಹೇಳ್ತಾರೆ. ಎಲ್ಲ ಮಕ್ಕಳಿಗೂ ಆಗಲ್ಲ, ಕೆಲವರಿಗೆ ಆಗತ್ತೆ. ಜ್ವರ ಬಂದಾಗ ಆ ಲೈಟೆಲ್ಲಾ ಬದಲಾಗ್ತಾವೆ. ಅದಕ್ಕೂ ಇದಕ್ಕೂ ಎಂಥ ಸಂಬಂಧ ಅಂತ..." ಅವರು ಅಲ್ಲಿಗೆ ನಿಲ್ಲಿಸಿ, ನಿಧಿಯನ್ನು ನೋಡಿ, ಆಮೇಲೆ ಕೇಳಿದರು. "ಮುಂದೆ ಯಾವಾಗ್ಲಾದ್ರೂ ಜ್ವರ ಬಂದ್ರೆ ನಂಗೊಂದು ಫೋನ್ ಮಾಡ್ತೀರಾ? ಈ ಬೇಸಿಗೆ ಪೂರ್ತಿ ಇಲ್ಲೇ ತೀರ್ಥಹಳ್ಳಿ ಕಡೆ ಇರ್ತೀನಿ. ಆ ದಿನದ ರಕ್ತಾನೂ ಸಿಕ್ಕಿದ್ರೆ ಒಳ್ಳೇದಿತ್ತು."

ಸೂಜಿ ಚುಚ್ಚುವಾಗ ನಿಧಿ ಕಿರುಚಲಿಲ್ಲ. "ಬೈಕ್ ಸೈಡಿಗೆ ಹಾಕಿ" ಎಂದಳು. ಮೇಡಂ ನಕ್ಕು, ತುಂಬಿದ ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ, ಐಸಿನ ಪೆಟ್ಟಿಗೆಯಲ್ಲಿಟ್ಟರು.

ವಾಪಸು ಲಾಂಚಿನಲ್ಲಿ ಬರುವಾಗ ನೀರು ಗಾಜಿನ ಹಾಗೆ ನಿಂತಿತ್ತು. ಒಂದು ಬೊಡ್ಡೆಯ ಮೇಲೆ ನೀರುಕಾಗೆ ರೆಕ್ಕೆ ಬಿಡಿಸಿಕೊಂಡು ಒಣಗಿಸುತ್ತಿತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ಏನೋ ಒಂದು ಬದಲಾಯಿತು. ಇವರು ಕೆಲಸಕ್ಕೆ ಹೊರಡುವಾಗ ನಿಧಿಯ ಹಣೆ ಮುಟ್ಟಿ ನೋಡುವುದು ಶುರುವಾಯಿತು. ತಣ್ಣಗಿದ್ದರೆ ಸುಮ್ಮನೆ ಚಪ್ಪಲಿ ಮೆಟ್ಟಿ ಹೋಗುತ್ತಿದ್ದರು. ಅವರ ಮುಖದಲ್ಲಿ ಸಮಾಧಾನವಿತ್ತೋ ನಿರಾಸೆಯಿತ್ತೋ, ಬೆಳಗಿನ ಮಬ್ಬು ಬೆಳಕಿನಲ್ಲಿ ನನಗೆ ತಿಳಿಯುತ್ತಿರಲಿಲ್ಲ. ನಾನು ಊರೆಲ್ಲ ಜ್ವರ ಬೇಡ ಬೇಡ ಎಂದು ತಿರುಗಿ ಬಂದು, ನನ್ನ ಮನೆಯ ಹೊಸ್ತಿಲು ದಾಟುವಾಗ ಎದೆಯಲ್ಲಿ ಇನ್ನೊಂದು ಥರದ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಯಾರಿಗೆ ಹೇಳುವುದು.

ಏಪ್ರಿಲ್ ಕೊನೆಯಲ್ಲಿ ಗುಡ್ಡದಾಚೆಯ ಕಾಡಿನಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಆಸ್ಪತ್ರೆಗೆ ತಿಳಿಸಿದೆ, ಅವರು ಬಂದು ಸುತ್ತ ಔಷಧಿ ಹೊಡೆದರು, ಸೊಪ್ಪಿಗೆ ಯಾರೂ ಆ ಕಡೆ ಹೋಗಬೇಡಿ ಎಂದು ಮನೆ ಮನೆಗೆ ಹೇಳಿ ಬಂದೆ. ಅದಾದ ಒಂದು ವಾರಕ್ಕೆ ಒಂದು ದಿನ ನಿಧಿ ಲಾಂಚಿಗೆ ಹೋಗಲು ಒಲ್ಲದೆ ಮನೆಯಲ್ಲೇ ಉಳಿದಳು, ಪಕ್ಕದ ಮನೆಯವರಿಗೆ ಹೇಳಿ ಹೋಗಿದ್ದೆ. ಮಧ್ಯಾಹ್ನ ಮೂರೂವರೆಗೆ ಮನೆಗೆ ಬಂದರೆ ನಿಧಿ ಬಾಗಿಲ ಬಳಿ ತಣ್ಣನೆಯ ನೆಲದ ಮೇಲೆ ಮುದುಡಿ ಮಲಗಿದ್ದಳು. ಪಕ್ಕದಲ್ಲಿ ವಾಂತಿಯಾಗಿತ್ತು. ಕುತ್ತಿಗೆ ಮುಟ್ಟಿದೆ. ಕೆಂಡ.

ಅವಳು ಕಣ್ಣು ಬಿಟ್ಟಳು. ಆ ಕಣ್ಣು ನನ್ನ ಮೇಲೆ ನಿಂತಿತು. ನನ್ನನ್ನು ದಾಟಿ ಹೋಗಲಿಲ್ಲ.

"ಅಮ್ಮ ಬಂತು" ಎಂದಳು.

ತಡವಾಗಿ ಊಟಕ್ಕೆ ಬಂದ ಇವರು ಅಂಗಳದಲ್ಲೇ ಅದನ್ನು ಕೇಳಿಸಿಕೊಂಡರು. ಓಡಿ ಬಂದು ನೆಲದ ಮೇಲೆ ಕೂತರು. ನಿಧಿ ಅವರ ಕಡೆ ತಿರುಗಿ, ಗುರುತು ಹಿಡಿಯುವವಳ ಹಾಗೆ ಒಂದಿಷ್ಟು ಹೊತ್ತು ನೋಡಿ, "ಅಪ್ಪ" ಎಂದಳು. ಯಾರ ದನಿಯೂ ಅಲ್ಲ, ಅವಳದೇ. ಇವರು ಬಾಯಿಗೆ ಟವೆಲ್ ಒತ್ತಿ ಹಿಡಿದುಕೊಂಡರು.

ಅವಳ ಬಟ್ಟೆ ಬಿಚ್ಚಿ ಮೈಯೆಲ್ಲ ನೋಡಿದೆ. ಕಿವಿಯ ಹಿಂದೆ, ಕೂದಲ ಬುಡದಲ್ಲಿ ಒಂದು ಉಣುಗು ಕಚ್ಚಿ ಹಿಡಿದಿತ್ತು. ಚಿಮಟದಲ್ಲಿ ಅದನ್ನು ಮೆಲ್ಲಗೆ ಎಳೆದು ತೆಗೆದೆ. "ಇವತ್ತೇ ಸಾಗರಕ್ಕೆ ಹೋಗ್ಬೇಕು. ಈಗ್ಲೇ" ಎಂದೆ. ಮಾತ್ರೆಯ ಡಬ್ಬಿ ತೆಗೆದೆ.

ಇವರು ನನ್ನ ಕೈ ಹಿಡಿದುಕೊಂಡರು. "ಹೋಗಾಣ ಸುಮಿ, ಈಗ್ಲೇ ಹೋಗಾಣ. ಮಾತ್ರೆ ಒಂದು ಕೊಡ್ಬೇಡ. ಅಲ್ಲಿ ಡಾಕ್ಟ್ರೇ ಕೊಡ್ಲಿ. ಅಲ್ಲೀವರೆಗಾದ್ರೂ ಮಾತಾಡ್ತದಲ್ಲ ಇದು." ಆಮೇಲೆ ದನಿ ಸಣ್ಣದು ಮಾಡಿ, "ನನ್ನ ಹತ್ರ ಇದು ಒಂದಿನಾನೂ ಮಾತಾಡಿಲ್ಲ, ಮಾರಾಯ್ತಿ" ಎಂದರು.

ನನಗೂ ಅದೇ ಬೇಕಿತ್ತು. ಸಾಗರ ಎಷ್ಟು ಹೊತ್ತಿನ ದಾರಿ, ಅಲ್ಲಿಯವರೆಗೆ ತಡೆದರೆ ಏನಾಗಿಬಿಡುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಲೂ ಇತ್ತು. ಅಷ್ಟರಲ್ಲಿ ನಿಧಿ ತಲೆಯ ಒಂದು ಬದಿಗೆ ಕೈ ಇಟ್ಟುಕೊಂಡು, "ನೋಯ್ತದೆ. ಇಲ್ಲಿ. ಅಮ್ಮ, ಇಲ್ಲಿ" ಎಂದಳು. ಎಂಟು ವರ್ಷ ಎಲ್ಲಿ ನೋವು ಎಂದು ತೋರಿಸಲಾಗದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ ಹುಡುಗಿ.

"ಕೇಳಿದ್ರಾ?" ಎಂದೆ ಇವರಿಗೆ. "ನೋವು ಅಂತ ಬಾಯಿಬಿಟ್ಟು ಹೇಳ್ತಿದೆ. ಹೇಳಿದ್ದು ಕೇಳದೆ ಇದ್ರೆ, ಇದು ಮಾತಾಡಿ ಎಂತ ಬಂತು?"

ಇವರು ಕೈ ಬಿಟ್ಟರು. ಎದ್ದುಹೋಗಿ ನೀರು ತಂದರು. ಮಾತ್ರೆ ನುಂಗಿಸಿ, ಆಸ್ಪತ್ರೆಗೆ ಫೋನ್ ಮಾಡಿ, ಅವಳನ್ನು ಹೊದಿಕೆಯಲ್ಲಿ ಸುತ್ತಿ ಹೊರಟೆವು.

ನೀರು ಕಡಿಮೆಯಾಗಿದ್ದರಿಂದ ಆಗ ಲಾಂಚಿನಲ್ಲಿ ವಾಹನ ಹಾಕುತ್ತಿರಲಿಲ್ಲ, ಜನ ಮಾತ್ರ. ಆಚೆ ದಡಕ್ಕೆ ಜೀಪು ಬರುವುದೆಂದು ಮಾತಾಯಿತು. ಇವರ ಜೊತೆ ಕೆಲಸ ಮಾಡುವ ಶೇಖರಣ್ಣ ಲಾಂಚ್ ನಡೆಸಲು ಕೂತರು. ನಿಧಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನು ಹಲಗೆಯ ಮೇಲೆ ಕೂತೆ, ಇವರು ಅವಳ ಕಾಲ ಬಳಿ. ಮಾತ್ರೆ ಕೆಲಸ ಮಾಡಲು ಇನ್ನು ಸ್ವಲ್ಪವೇ ಹೊತ್ತು ಎಂದು ಇಬ್ಬರಿಗೂ ಗೊತ್ತಿತ್ತು.

ಇಳಿಬಿಸಿಲು. ನೀರೆಲ್ಲ ಅರಿಶಿನ ಕದಡಿದ ಹಾಗಿತ್ತು. ಶೇಖರಣ್ಣ ಹೊರಡಲು ಹಾರನ್ನಿಗೆ ಕೈ ಹಾಕಿದರು. ನಿಧಿ ತಟ್ಟನೆ ಕಿವಿ ಮುಚ್ಚಿಕೊಂಡು, "ಅಪ್ಪ ಹಾರನ್ ಹೊಡಿತಾನೆ. ಕಿವಿ ಉರಿತದೆ" ಎಂದಳು. ಇವರು ಎದ್ದು ನಿಂತು ಕೂಗಿದರು, "ಶೇಖ್ರಣ್ಣ, ಹಾರನ್ ಬೇಡ! ಹಂಗೇ ಬಿಡು!" ಎಂಜಿನ್ನಿನ ಸದ್ದೊಂದರಲ್ಲೇ ಲಾಂಚ್ ದಡ ಬಿಟ್ಟಿತು. ಹಾರನ್ ಇಲ್ಲದೆ ಅದು ಹೊರಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎದುರು ಕೂತಿದ್ದ ಹೆಂಗಸೊಬ್ಬರು, ಸಂತೆಗೆ ಹೊರಟವರು, ನಮ್ಮ ಕಡೆ ಬಗ್ಗಿ, "ಎಂತಾಗಿದೆ ಮಗೀಗೆ? ಹೆಸ್ರೇನು?" ಎಂದರು. ಇವರು ಬಾಯಿ ತೆರೆಯುವ ಮೊದಲೇ ನಿಧಿ, ಅಪ್ಪನದೇ ದನಿಯಲ್ಲಿ, ಅಪ್ಪನದೇ ರಾಗದಲ್ಲಿ ಹೇಳಿದಳು:

"ಪಾಪ, ಅದಕ್ಕೆ ಎಂತದೂ ಗೊತ್ತಾಗಲ್ಲ."

ಆಮೇಲೆ ತನ್ನ ದನಿಯಲ್ಲಿ, "ಗೊತ್ತಾಗ್ತದೆ" ಎಂದಳು.

ಇವರ ಮುಖ ನಾನು ನೋಡಲಿಲ್ಲ. ಅವರು ನೀರಿನ ಕಡೆ ತಿರುಗಿಬಿಟ್ಟಿದ್ದರು. ತಿರುಗಿ ಬಂದಾಗ ಹಲಗೆಯಿಂದ ಇಳಿದು, ಎಂಜಿನ್ನಿನ ಮಸಿ ಹಿಡಿದ ನೆಲದ ಮೇಲೆ ಮಂಡಿಯೂರಿ, ಅವಳ ಮುಖಕ್ಕೆ ಮುಖ ಕೊಟ್ಟು ಕೂತರು. "ಎಂತೆಂತ ಗೊತ್ತು ನಿಂಗೆ? ಹೇಳು ನನ್ನ ಹತ್ರ."

ನಿಧಿ ಹೇಳಿದಳು. ಒಂದೊಂದೇ, ಮಧ್ಯೆ ಮಧ್ಯೆ ಉಸಿರು ಎಳೆದುಕೊಂಡು. "ಕೆಳಗೆ ಅಜ್ಜನ ಗದ್ದೆ ಇದೆ." "ಎಂಜಿನ್ ಗುರ್ ಅಂತದೆ. ಕೈಗೆ ಚಂದ." "ಅಮ್ಮ ಬಚ್ಚಲಲ್ಲಿ ಅಳ್ತದೆ." ನಾನು ಅವಳ ಕೂದಲು ಸವರುತ್ತಿದ್ದ ಕೈ ನಿಲ್ಲಿಸಿದೆ. ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅಳುತ್ತಿದ್ದವಳು ನಾನು. ಇವರಿಗೂ ಗೊತ್ತಿರಲಿಲ್ಲ ಅದು. ಸಂತೆಯ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡರು, ಏಕೆ ಎಂದು ಅವರಿಗೆ ತಿಳಿದಿತ್ತೋ ಇಲ್ಲವೋ.

ನಡುನೀರು ದಾಟಿದ ಮೇಲೆ ನನ್ನ ಅಂಗೈಗೆ ಅವಳ ಹಣೆಯ ಮೊದಲ ಬೆವರು ಹತ್ತಿತು. ಆಮೇಲೆ ಕುತ್ತಿಗೆ, ಆಮೇಲೆ ಬೆನ್ನು. ಮೈ ತಣ್ಣಗಾಗುತ್ತಾ ಬಂತು. ಒಬ್ಬ ತಾಯಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವುದಿದೆ. ಆದರೂ ಆ ಒಂದೊಂದು ಹನಿಯೂ ಅವಳನ್ನು ದೂರ ತೆಗೆದುಕೊಂಡು ಹೋಗುತ್ತಿದೆ ಅನ್ನಿಸಿತು. "ಮೀನು..." ಎಂದಳು. ಮುಂದಿನದು ಬರಲಿಲ್ಲ. ಕಣ್ಣು ಅಪ್ಪನ ಮುಖದಿಂದ ಜಾರಿ ಅವರ ಭುಜದ ಮೇಲಿನ ಬಿಸಿಲಿಗೆ ಹೋಯಿತು, ಅಲ್ಲಿಂದ ನೀರಿಗೆ. ತುಟಿ ಮುಚ್ಚಿ, ಎಂಜಿನ್ನಿನ ಶ್ರುತಿಗೆ ಸರಿಯಾಗಿ ಸಣ್ಣಗೆ ಗುನುಗತೊಡಗಿದಳು.

"ನಿಧಿ? ಮೀನು ಎಂತಾಯ್ತು ನಿಧಿ? ಹೇಳು ಪುಟ್ಟ" ಎಂದು ಇವರು ದಡ ಮುಟ್ಟುವವರೆಗೂ ಕೇಳುತ್ತಿದ್ದರು.

ಸಾಗರದ ಆಸ್ಪತ್ರೆಯಲ್ಲಿ ಗ್ಲುಕೋಸ್ ಹಾಕಿದರು, ರಕ್ತ ತೆಗೆದು ಶಿವಮೊಗ್ಗಕ್ಕೆ ಕಳಿಸಿದರು. ಫಲಿತಾಂಶ ಬರುವವರೆಗಿನ ಆ ದಿನಗಳು ನನ್ನ ನೆನಪಿನಲ್ಲಿ ಒಂದೇ ಬಿಳಿ ಗೋಡೆಯಾಗಿ ನಿಂತಿವೆ. ಮಂಗನ ಕಾಯಿಲೆಯೇ ಆಗಿದ್ದರೆ ಎಂಬ ಭಯಕ್ಕೆ, ಹಲ್ಲಿನ ಸಂದಿಯಲ್ಲಿ ರಕ್ತ ಬಂದಿದೆಯಾ, ಕಣ್ಣು ಕೆಂಪಾಗಿದೆಯಾ ಎಂದು ಗಳಿಗೆಗೊಮ್ಮೆ ನೋಡುತ್ತಿದ್ದೆ. ಜ್ವರ ಏರುತ್ತಿತ್ತು, ಇಳಿಯುತ್ತಿತ್ತು. ಏರಿದಾಗ ಅವಳು ನಿದ್ದೆಯ ಮಂಪರಿನಲ್ಲಿ ಇರುತ್ತಿದ್ದಳು, ಮಾತಿಲ್ಲ. ಕೊನೆಗೆ ಡಾಕ್ಟರು ನಗುತ್ತಾ ಬಂದು, "ಮಂಗನ ಕಾಯಿಲೆ ಅಲ್ಲಮ್ಮ. ಬೇರೆ ಯಾವುದೋ ವೈರಲ್ ಜ್ವರ. ಪಾರಾದ್ರಿ" ಎಂದಾಗ, ನಾನು ಮಂಚದ ಕಬ್ಬಿಣ ಹಿಡಿದುಕೊಂಡೇ ನಿಂತಿದ್ದೆ.

ಅದೇ ದಿನ ರಚನಾ ಮೇಡಂ ಬಂದರು. ಇವರೇ ಫೋನ್ ಮಾಡಿದ್ದರಂತೆ. ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ, ಐಸಿನ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಬಂದಿದ್ದರು. ನಿಧಿಯ ಮೈ ಇನ್ನೂ ಬಿಸಿಯಿತ್ತು. ಅವಳ ಎರಡೂ ಕೈಯಲ್ಲಿ ಸೂಜಿ ಚುಚ್ಚಿದ ನೀಲಿ ಗುರುತು. ಮೇಡಂ ಅದನ್ನು ನೋಡಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ಸರಿಸಿ, ಸುಮ್ಮನೆ ಅವಳ ಪಕ್ಕ ಕೂತರು.

"ತಗೊಳಲ್ವಾ?" ಎಂದೆ.

"ಇವತ್ತು ಬ್ಯಾಡ ಅಕ್ಕ. ಕೈ ನೋಡಿ ಹೆಂಗಾಗಿದೆ."

ನಾನು ಹೇಳಿದೆ, "ಮೇಡಂ, ಬೇಜಾರು ಮಾಡ್ಕಬೇಡಿ. ಇನ್ನು ಮುಂದೆ ಜ್ವರ ಬಂದ್ರೂ ನಾನು ಫೋನ್ ಮಾಡಲ್ಲ. ಇದಕ್ಕೆ ಜ್ವರ ಯಾವಾಗ ಬರ್ತದೆ ಅಂತ ಇಷ್ಟು ಜನ ಕಾಯೋದು ನಂಗೆ ಬೇಡ."

ಅವರ ಮುಖ ಒಂದು ಸಲ ಕೆಂಪಾಯಿತು. ಆಮೇಲೆ ತಲೆಯಾಡಿಸಿದರು. "ನಾನು ಹಂಗೆ ಕೇಳಬಾರ್ದಿತ್ತು" ಎಂದರು.

ಇವರಿಗೆ ಬೇರೆಯೇ ಚಿಂತೆ. "ಮೇಡಂ, ಹೊಸನಗರದ ಕಡೆ ಒಬ್ರು ಇದಾರಂತೆ, ಮೈ ಕಾಯ್ಸೋ ಔಷಧಿ ಕೊಡ್ತಾರಂತೆ. ಜ್ವರದ ಹಾಗೇ ಆಗ್ತದಂತೆ, ಆದ್ರೆ ತೊಂದ್ರೆ ಇಲ್ವಂತೆ. ಒಂದ್ಸಲ..."

"ಬ್ಯಾಡ." ಮೇಡಂ ಎದ್ದೇ ನಿಂತರು. "ಅಣ್ಣ, ಅದೊಂದು ಮಾಡ್ಬೇಡಿ. ಮಗು ಕೈ ಮೀರಿ ಹೋಗ್ಬೋದು. ಜ್ವರ ಇಲ್ದೇ ಆ ಬಾಗಿಲು ತೆಗೆಯೋದು ಹೆಂಗೆ ಅಂತ ನಂಗೆ ಗೊತ್ತಿಲ್ಲ. ಗೊತ್ತು ಅನ್ನೋರ ಹತ್ರ ದಯವಿಟ್ಟು ಹೋಗ್ಬೇಡಿ."

ಇವರು ತಲೆ ತಗ್ಗಿಸಿ ಕೂತರು. ಆಮೇಲೆ ಯಾರಿಗೆ ಎಂದಿಲ್ಲದೆ ಹೇಳಿದರು. "ಅದು ಅಜ್ಜನ ಗದ್ದೆ ಅಂತು, ಮೇಡಂ. ನಾನು ಅದನ್ನ ಅದಕ್ಕೆ ಅಂತ ಯಾವತ್ತೂ ಹೇಳಿದ್ದಲ್ಲ. ಯಾರ್ಯಾರಿಗೋ ಹೇಳ್ತಿದ್ದೆ. ಅದು ಕೇಳಿಸ್ಕಂಡಿದೆ."

"ಜ್ವರ ಇಲ್ಲದಾಗ ಕೇಳಿಸ್ಕಂಡಿದ್ದು" ಎಂದರು ಮೇಡಂ.

ಅಷ್ಟೇ ಅವರು ಹೇಳಿದ್ದು. ಇವರು ತಲೆಯೆತ್ತಿ ಅವರನ್ನು ನೋಡಿದರು, ನಿಧಿಯನ್ನು ನೋಡಿದರು. ಹೊಸನಗರದ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಮನೆಗೆ ಬಂದ ಮೇಲೆ ನಿಧಿ ಮೊದಲಿನ ಹಾಗೆಯೇ ಇದ್ದಳು. ಬದಲಾದದ್ದು ಇವರು. ಲಾಂಚಿನಲ್ಲಿ ಅವಳಿಗೊಂದು ಸ್ಟೂಲು ತಂದು ತಮ್ಮ ಪಕ್ಕ ಹಾಕಿದರು. ಹಾರನ್ ಹೊಡೆಯುವ ಮೊದಲು "ನಿಧಿ, ಹಾರನ್ ಹೊಡಿತೀನಿ" ಎಂದು ಹೇಳಿ, ಅವಳು ಕಿವಿ ಮುಚ್ಚಿಕೊಳ್ಳುವವರೆಗೆ ಕಾಯುತ್ತಿದ್ದರು. ದಾರಿಯುದ್ದಕ್ಕೂ ಮಾತು. ನೀರು ಎಷ್ಟು ಇಳಿದಿದೆ, ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಎಷ್ಟು ನೀರು ಬಿಟ್ಟರಂತೆ, ಡೀಸೆಲ್ ಫಿಲ್ಟರ್ ಯಾಕೆ ಕಟ್ಟುತ್ತದೆ, ಯಾವ ಬೊಡ್ಡೆ ಯಾವ ಮರದ್ದು. ಅವಳು ತಗಡಿನ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದಳು, ಉತ್ತರ ಕೊಡುತ್ತಿರಲಿಲ್ಲ. ಜನ ಮೊದಮೊದಲು ನಕ್ಕರು. ಯಾರಾದರೂ ಅವಳ ಹೆಸರು ಕೇಳಿದರೆ ಇವರು, "ಅದನ್ನೇ ಕೇಳಿ. ಹೇಳಿದ್ರೆ ಹೇಳ್ತದೆ, ಇಲ್ದಿದ್ರೆ ಇಲ್ಲ" ಎನ್ನುತ್ತಿದ್ದರು. ನಾನು ಬಚ್ಚಲಿಗೆ ಹೋಗಿ ಅಳುವುದನ್ನು ಬಿಟ್ಟೆ. ಅಳು ಬಂದರೆ ಅಡುಗೆಮನೆಯಲ್ಲಿ ಅವಳ ಎದುರಿಗೇ ಅತ್ತು, "ಇವತ್ತು ಸುಸ್ತಾಗಿದೆ ಕಣೇ, ಅದಕ್ಕೆ" ಎಂದು ಕಾರಣವನ್ನೂ ಹೇಳುತ್ತಿದ್ದೆ.

ಮಳೆಗಾಲ ಬಂತು. ಒಂದೇ ವಾರದ ಮಳೆಗೆ ಹಿನ್ನೀರು ಏರಿ, ಕೆಂಪು ದಡ ಮುಚ್ಚಿಹೋಯಿತು. ಆಷಾಢದಲ್ಲಿ ನಿಧಿಗೆ ಮತ್ತೆ ಜ್ವರ ಬಂತು, ಶೀತದ ಜ್ವರ. ಬೆಳಿಗ್ಗೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಇವರು ರಜೆ ಹಾಕಿ ಅವಳ ಪಕ್ಕ ಕೂತಿದ್ದರು. ನಾನು ಬಾಗಿಲಲ್ಲೇ ನಿಂತೆ. ಮೈ ಬಿಸಿಯಾಗಿಯೇ ಇತ್ತು, ಮುಖ ಕೆಂಪೇರಿತ್ತು. ಆದರೆ ನಿಧಿ ಹಂಚಿನ ಸಂದಿಯ ಬೆಳಕನ್ನು ನೋಡುತ್ತ ಮಲಗಿದ್ದಳು. ಅಮ್ಮ ಎನ್ನಲಿಲ್ಲ, ಅಪ್ಪ ಎನ್ನಲಿಲ್ಲ. ಆ ಸಲ ಜ್ವರ ಅವಳಿಗೆ ಒಂದು ಮಾತನ್ನೂ ಕೊಡಲಿಲ್ಲ.

ನಾನು ಇವರ ಮುಖ ನೋಡಲು ಹೆದರಿದೆ.

"ಮಾತ್ರೆ ಕೊಟ್ಟೆ, ಆಗ್ಲೇ" ಎಂದರು ಇವರು. "ಇವತ್ತು ಅದಕ್ಕೆ ಮಾತಾಡೋ ಮನಸ್ಸಿಲ್ಲ ಕಾಣ್ತದೆ. ಇರ್ಲಿ ಬಿಡು." ಆಮೇಲೆ ಅವಳ ಕಡೆ ತಿರುಗಿ, ನಾನು ಬಂದದ್ದರಿಂದ ಅರ್ಧಕ್ಕೆ ನಿಂತಿದ್ದ ಕತೆಯನ್ನು ಮುಂದುವರಿಸಿದರು. ನಿನ್ನೆ ಸಂಜೆಯ ಟ್ರಿಪ್ಪಿನಲ್ಲಿ ಯಾರದೋ ಹೋರಿ ಲಾಂಚ್ ಹತ್ತಲು ಒಲ್ಲದೆ, ಯಜಮಾನನನ್ನೇ ನೀರಿಗೆ ಕೆಡವಿದ ಕತೆ. ಕೈಯಲ್ಲಿ ಹೋರಿಯ ಕೊಂಬು ಮಾಡಿ ತೋರಿಸುತ್ತಿದ್ದರು. ನಿಧಿ ಅವರ ಕಡೆ ನೋಡಲಿಲ್ಲ. ಯಜಮಾನ ನೀರಿಗೆ ಬಿದ್ದ ಜಾಗಕ್ಕೆ ಕತೆ ಬಂದಾಗ, ಹೊದಿಕೆಯೊಳಗಿಂದ ಸುಡುವ ಎರಡು ಪಾದ ಹೊರಗೆ ಬಂದು, ಅಪ್ಪನ ತೊಡೆಯ ಮೇಲೆ ಏರಿ ಕೂತವು. ಇವರು ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕತೆಯನ್ನು ಮೊದಲಿಂದ ಹೇಳಲು ಶುರುಮಾಡಿದರು.